ಲಿಂಕ್ಡ್‌ಇನ್‌ನಲ್ಲಿ ‘ಯಾರ ಮನೆಯವರು?’ ಅಂತ ಯಾರೂ ಕೇಳಲ್ಲ: ಕೊಡಗಿನಲ್ಲಿದ್ದುಕೊಂಡು ನಂಬುವಂಥ ಹೆಸರು ಮಾಡುವುದು ಹೇಗೆ

ಒಂದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಬರುತ್ತಲೇ ಇದೆ. ಗೋಣಿಕೊಪ್ಪದ ಹೋಂಸ್ಟೇಯವರು ಕೇಳಿದರು, ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಓದು ಮುಗಿಸುತ್ತಿರುವ ಹುಡುಗಿ ಕೇಳಿದಳು, ಸೇನೆಯಿಂದ ನಿವೃತ್ತರಾಗಿ ಸೋಮವಾರಪೇಟೆಗೆ ವಾಪಸ್ ಬಂದವರೂ ಕೇಳಿದರು: ‘ಲಿಂಕ್ಡ್‌ಇನ್‌ನಲ್ಲಿ ಖಾತೆ ಇದೆ, ಆದರೆ ಏನೂ ಆಗ್ತಿಲ್ಲ. ಏನು ಬರೀಬೇಕು?’ ಲಿಂಕ್ಡ್‌ಇನ್ ಅಂದರೆ ಕೆಲಸ, ವ್ಯಾಪಾರದ ಪರಿಚಯ ಬೆಳೆಸುವ ಜಾಲತಾಣ. ಒಬ್ಬೊಬ್ಬರಿಗೂ ವಾಟ್ಸ್ಆ್ಯಪ್‌ನಲ್ಲಿ ಉತ್ತರ ಬರೆದು ಸಾಕಾಯಿತು. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಪರ್ಸನಲ್ ಬ್ರ್ಯಾಂಡ್ ಅಂದರೆ ಹೆದರಬೇಡಿ. ನಿಮ್ಮ ಹೆಸರು ಕೇಳಿದ ಕೂಡಲೇ ‘ಓ, ಕಾಳುಮೆಣಸಿನ ಬಳ್ಳಿ ರೋಗ ನೋಡ್ತಾರಲ್ಲ, ಅವರಾ?’ ಅಂತ ಒಬ್ಬರಿಗೆ ನೆನಪಾದರೆ ಅದೇ ಬ್ರ್ಯಾಂಡ್. ನಮ್ಮ ಕಡೆ ಇದು ತಾನಾಗಿ ಆಗುತ್ತದೆ. ಸಂತೆಯಲ್ಲಿ ಯಾರಾದರೂ ‘ಯಾರ ಮನೆಯವರು?’ ಅಂತ ಕೇಳುತ್ತಾರೆ, ಮನೆ ಹೆಸರು ಹೇಳಿದರೆ ಮುಗೀತು. ನಿಮ್ಮ ತಾತ, ನಿಮ್ಮ ತೋಟ, ನೀವು ತೀರಿಸಿದ ಸಾಲ, ತೀರಿಸದ ಸಾಲ ಎಲ್ಲ ಅವರಿಗೆ ಗೊತ್ತು. ಪುಣೆಯಲ್ಲಿ ಕೂತ ಕಾಫಿ ಖರೀದಿದಾರನಿಗೆ ಮಾತ್ರ ಅದೇ ಮನೆ ಹೆಸರು ಬರೀ ಇನಿಷಿಯಲ್. ಹಾಗಾಗಿ ಮನೆ ಹೆಸರು ಊರಲ್ಲಿ ಮಾಡುವ ಕೆಲಸವನ್ನು ಅಲ್ಲಿ ಪುರಾವೆ ಮಾಡಬೇಕು.

ಇನ್ನೊಂದು ವಿಷಯ. ನಮ್ಮದು ಚಿಕ್ಕ ಜಿಲ್ಲೆ. ನೀವು ಬರೆದದ್ದನ್ನು ಪಕ್ಕದ ತೋಟದವರೂ ಓದುತ್ತಾರೆ. 20 ಎಕರೆಯನ್ನು 50 ಮಾಡಿದರೆ ಪುಣೆಯವನಿಗೆ ಗೊತ್ತಾಗದೇ ಇರಬಹುದು, ಪಕ್ಕದವರಿಗೆ ಬೇಲಿ ಎಲ್ಲಿದೆ ಅಂತ ಗೊತ್ತು.

ಏನೇನು ಬೇಕು?

ದುಡ್ಡು ಬೇಡ. ಪ್ರೀಮಿಯಂ ಖಾತೆ ಈಗಲೇ ತೆಗೆದುಕೊಳ್ಳಬೇಡಿ. ಒಂದು ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಎಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಕೆಲಸ ಮಾಡಿದಿರಿ ಅನ್ನುವ ಚೀಟಿ, ನೀವೇ ಕೈಯಾರೆ ಮಾಡಿದ 5 ಕೆಲಸಗಳ ಪಟ್ಟಿ, ನಿಮ್ಮ ಬಗ್ಗೆ ನಾಲ್ಕು ಸಾಲು ಬರೆಯಲು ಒಪ್ಪುವ ಇಬ್ಬರು ಸಿಕ್ಕರೆ ಸಾಕು. ಶುರು ಮಾಡುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೊಫೈಲ್ ಬದಲಾವಣೆಯನ್ನು ನಿಮ್ಮ ಬಳಗಕ್ಕೆ ತಿಳಿಸುವ ಆಯ್ಕೆಯನ್ನು ಆಫ್ ಮಾಡಿ. ಇಲ್ಲದಿದ್ದರೆ 2014ರ ಹಳೇ ಕೆಲಸ ಸೇರಿಸಿದ ತಕ್ಷಣ ‘ಹೊಸ ಕೆಲಸಕ್ಕೆ ಅಭಿನಂದನೆ’ ಅಂತ ನಲವತ್ತು ಜನ ಬರೆಯುತ್ತಾರೆ, ನೀವು ಎಲ್ಲರಿಗೂ ಸಮಜಾಯಿಷಿ ಕೊಡುತ್ತಾ ಕೂರಬೇಕು.

1. ಒಂದನ್ನು ಆರಿಸಿಕೊಳ್ಳಿ

ಇದು ನಮ್ಮವರಿಗೆ ಎಲ್ಲಕ್ಕಿಂತ ಕಷ್ಟ. ಕಾಫಿ ಇದೆ, ಮೆಣಸಿದೆ, ಎರಡು ರೂಮಿನ ಹೋಂಸ್ಟೇ ಇದೆ, ಸೀಸನ್‌ನಲ್ಲಿ ಜೀಪು ಓಡುತ್ತದೆ, ನಡುವೆ ಇನ್ಶೂರೆನ್ಸ್ ಏಜೆನ್ಸಿ ಬೇರೆ. ಬದುಕು ನಡೆಯಲು ಇದೆಲ್ಲ ಬೇಕು. ಆದರೆ ಐದನ್ನೂ ಒಟ್ಟಿಗೆ ಹಾಕಿದರೆ ಓದುವವರಿಗೆ ಒಂದೂ ನೆನಪಿರಲ್ಲ.

ಒಂದು ಹಾಳೆಯಲ್ಲಿ ಹೀಗೆ ಬರೆಯಿರಿ: ‘ಇಂಥವರು ನನ್ನನ್ನು ಇಂಥ ಕೆಲಸಕ್ಕೆ ಹುಡುಕಬೇಕು.’ ಉದಾಹರಣೆಗೆ, ‘ಸಣ್ಣ ರೋಸ್ಟರಿಯವರು ನನ್ನನ್ನು ಪಾರ್ಚ್‌ಮೆಂಟ್‌ಗೆ ಹುಡುಕಬೇಕು.’ ರೋಸ್ಟರಿ ಅಂದರೆ ಕಾಫಿ ಬೀಜ ಹುರಿದು ಮಾರುವವರು. ಹಣ್ಣನ್ನು ಪಲ್ಪ್ ಮಾಡಿ, ಅಂದರೆ ಹೊರಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ, ಇನ್ನೂ ತೆಳು ಸಿಪ್ಪೆ ಇರುವ ಬೀಜವೇ ಪಾರ್ಚ್‌ಮೆಂಟ್. ಈ ವಾಕ್ಯ ಬರೆಯಲು ಆಗದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ, ಹೋದರೂ ಪ್ರಯೋಜನವಿಲ್ಲ.

2. ಹೆಡ್‌ಲೈನ್: ಅರ್ಧ ಕೆಲಸ ಇಲ್ಲೇ

ನಿಮ್ಮ ಹೆಸರಿನ ಕೆಳಗೆ ಬರುವ ಸಾಲೇ ಹೆಡ್‌ಲೈನ್. 220 ಅಕ್ಷರ ಹಿಡಿಸುತ್ತದೆ. ನೀವು ಎಲ್ಲಿ ಕಾಮೆಂಟ್ ಹಾಕಿದರೂ, ಯಾರು ಹುಡುಕಿದರೂ ಮೊದಲು ಕಾಣುವುದು ನಿಮ್ಮ ಮುಖ ಮತ್ತು ಈ ಸಾಲಿನ ಮೊದಲ ಕೆಲವು ಪದ. ಹಾಗಾಗಿ ಮುಖ್ಯವಾದದ್ದು ಮುಂದೆ ಇರಲಿ.

ಇಲ್ಲಿ ನಾನೇ ಮುಗ್ಗರಿಸಿದ್ದೇನೆ. ಕಾಫಿ ಮಾರುವವರಿಗೆ ಬರವಣಿಗೆ ಕೆಲಸ ಮಾಡಿಕೊಡುತ್ತಿದ್ದ ನಾನು ಸುಮ್ನೆ ‘ಕಾಫಿ ತಜ್ಞ’ ಅಂತ ಹಾಕಿಕೊಂಡಿದ್ದೆ. ಒಬ್ಬ ಖರೀದಿದಾರ ಮೆಸೇಜ್ ಮಾಡಿ ‘ನಿಮ್ಮ ಕಡೆ ಈ ಸಲ ಔಟ್‌ಟರ್ನ್ ಎಷ್ಟು ಬರ್ತಿದೆ?’ ಅಂದ. ಔಟ್‌ಟರ್ನ್ ಅಂದರೆ 50 ಕೆಜಿ ಒಣ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ ಮೂಟೆಯಿಂದ ಸಿಪ್ಪೆ ತೆಗೆದ ಬೀಜ ಎಷ್ಟು ಕೆಜಿ ಸಿಗುತ್ತದೆ ಅನ್ನುವ ಲೆಕ್ಕ. ಚೆರ್ರಿಗೆ ರೇಟು ಕಟ್ಟುವುದೇ ಅದರ ಮೇಲೆ, ಇಲ್ಲಿ ಹೈಸ್ಕೂಲ್ ಹುಡುಗನಿಗೂ ಗೊತ್ತು. ನಾನು ಎರಡು ದಿನ ಬಿಟ್ಟು, ಪಕ್ಕದ ಮನೆಯವರನ್ನು ಕೇಳಿ ಉತ್ತರ ಬರೆದೆ. ಆಸಾಮಿ ಮತ್ತೆ ಮೆಸೇಜ್ ಮಾಡಲಿಲ್ಲ. ಅವತ್ತೇ ‘ತಜ್ಞ’ ತೆಗೆದೆ.

ತಜ್ಞ, ಗುರು, ದಾರ್ಶನಿಕ, ಉತ್ಸಾಹಿ ಇವೆಲ್ಲ ಬೇಡ. ಮಾಡುವ ಕೆಲಸ, ಅದರ ಅಳತೆ, ಜಾಗ ಈ ಮೂರು ಸಾಕು.

ಎಸ್ಟೇಟ್ ರೈಟರ್ ಕೆಲಸವನ್ನೇ ತೆಗೆದುಕೊಳ್ಳಿ. ತೋಟದ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಬರೆದು ಕೂಲಿ ಲೆಕ್ಕ ನೋಡಿ ಹಣ್ಣು ತೂಕ ಹಾಕಿಸುವವರನ್ನು ನಾವು ರೈಟರ್ ಅನ್ನುತ್ತೇವೆ. ಹೊರಗಿನವರಿಗೆ ರೈಟರ್ ಅಂದರೆ ಕತೆ, ಲೇಖನ ಬರೆಯುವವರು. ಹಾಗೇ ಹಾಕಿದರೆ ‘ನಮ್ಮ ವೆಬ್‌ಸೈಟಿಗೆ ಬರೆದುಕೊಡ್ತೀರಾ?’ ಅನ್ನುವ ಮೆಸೇಜ್‌ಗಳೇ ಬರುತ್ತವೆ. ಅದರ ಬದಲು ಹೀಗೆ ಹಾಕಿ:

ಕಾಫಿ ತೋಟದ ಲೆಕ್ಕ ಮತ್ತು ಕಾರ್ಮಿಕರ ಮೇಲ್ವಿಚಾರಣೆ | 120 ಎಕರೆ ರೋಬಸ್ಟಾ, ಕಾಳುಮೆಣಸು | ಸಿದ್ದಾಪುರ, ಕೊಡಗು, ಕೂರ್ಗ್

ಕೊಡಗು, ಕೂರ್ಗ್ ಎರಡನ್ನೂ ಬೇಕಂತಲೇ ಹಾಕಿದ್ದೇನೆ. ಹೊರಗಿನವರಲ್ಲಿ ಹೆಚ್ಚಿನವರು ಕೂರ್ಗ್ ಅಂತಲೇ ಟೈಪ್ ಮಾಡುತ್ತಾರೆ. ನಿಮಗೆ ಆ ಹೆಸರು ಇಷ್ಟವಿಲ್ಲ ಅಂದರೆ ಹೆಡ್‌ಲೈನ್‌ನಲ್ಲಿ ಕೊಡಗು ಇಡಿ, ಕೂರ್ಗ್ ಅನ್ನು ಕೆಳಗೆ ವಿವರದಲ್ಲಿ ಒಂದು ಸಲವಾದರೂ ತನ್ನಿ. ಇಲ್ಲಿ ಕನ್ನಡದಲ್ಲಿ ತೋರಿಸಿದ್ದೇನೆ, ಆದರೆ ಈ ಒಂದು ಸಾಲು ಇಂಗ್ಲಿಷ್‌ನಲ್ಲಿದ್ದರೆ ಒಳ್ಳೇದು. ಕೆಲಸ ಕೊಡುವವರು ಹುಡುಕುವುದು ಆ ಭಾಷೆಯಲ್ಲಿ. ಪೋಸ್ಟ್‌ಗಳ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

3. ಫೋಟೋ, ಬ್ಯಾನರ್, ವಿಳಾಸ

ಮದುವೆ ಫೋಟೋದಿಂದ ಕತ್ತರಿಸಿ, ಪಕ್ಕದಲ್ಲಿ ಭಾವನ ಅರ್ಧ ಭುಜ ಉಳಿದಿರುವ ಚಿತ್ರ ಬೇಡ. ಕೊಡವರ ಸಾಂಪ್ರದಾಯಿಕ ಉಡುಪು ಕುಪ್ಯ ಹಾಕಿಕೊಂಡದ್ದೇ ಆದರೂ ಅಡ್ಡಿಯಿಲ್ಲ, ಮುಖ ಕಾಣಬೇಕು ಅಷ್ಟೇ. ಬೆಳಿಗ್ಗೆ ಎಂಟರ ಹೊತ್ತಿಗೆ ಮನೆಯ ಜಗಲಿಯಲ್ಲಿ ನಿಂತು ಫೋನಿನಲ್ಲೇ ತೆಗೆಸಿಕೊಳ್ಳಿ. ಕೂಲಿಂಗ್ ಗ್ಲಾಸ್ ತೆಗೆಯಿರಿ.

ಬ್ಯಾನರ್ ಅಂದರೆ ಹಿಂದಿನ ಉದ್ದ ಚಿತ್ರ, 1584 ಅಗಲ, 396 ಎತ್ತರದ ಪಿಕ್ಸೆಲ್ ಅಳತೆ. ಇಂಟರ್ನೆಟ್ಟಿನಿಂದ ತೆಗೆದ ಮಾಂದಲಪಟ್ಟಿಯ ಮಂಜು ಹಾಕಬೇಡಿ, ಎಲ್ಲರೂ ಅದನ್ನೇ ಹಾಕಿದ್ದಾರೆ. ನಿಮ್ಮ ಕಣ, ನಿಮ್ಮ ಅಡುಗೆಮನೆ, ನಿಮ್ಮ ನರ್ಸರಿ ಹಾಕಿ.

ಪ್ರೊಫೈಲ್ ವಿಳಾಸದ ಕೊನೆಯಲ್ಲಿ ಅರ್ಥವಿಲ್ಲದ ಅಂಕಿ, ಅಕ್ಷರ ಇರುತ್ತವೆ. ಅದನ್ನು ಬದಲಿಸಿ ನಿಮ್ಮ ಹೆಸರಷ್ಟೇ ಇಟ್ಟುಕೊಳ್ಳಬಹುದು. ಎರಡು ನಿಮಿಷದ ಕೆಲಸ.

4. ವಿವರ ಮತ್ತು ಅನುಭವ: ಪುರಾವೆ ಇಡುವ ಜಾಗ

‘ಅಬೌಟ್’ ಅನ್ನುವ ಭಾಗಕ್ಕೆ 2600 ಅಕ್ಷರ ಇದೆ. ಎಲ್ಲ ತುಂಬಬೇಕಿಲ್ಲ. ಮೊದಲ ಎರಡು ಮೂರು ಸಾಲು ಮಾತ್ರ ಹೊರಗೆ ಕಾಣುತ್ತದೆ, ಉಳಿದದ್ದನ್ನು ಒತ್ತಿ ತೆರೆಯಬೇಕು. ‘ಪ್ರಕೃತಿ ಮಡಿಲಲ್ಲಿ ಹುಟ್ಟಿದ ನಾನು’ ಅಂತ ಶುರು ಮಾಡಿದರೆ ಆ ಮೂರು ಸಾಲು ಹೋಯಿತು.

ಅನುಭವದ ಭಾಗದಲ್ಲಿ ಹುದ್ದೆ ಬರೆದು ಬಿಟ್ಟುಬಿಡಬೇಡಿ. ಪ್ರತಿ ಕೆಲಸದ ಕೆಳಗೆ, ಏನು ಇತ್ತು, ನೀವು ಏನು ಮಾಡಿದಿರಿ, ಏನಾಯಿತು ಅಂತ ಬರೆಯಿರಿ. ‘ಹೋಂಸ್ಟೇ ಮಾಲೀಕಿ’ ಅಂತ ಬರೆದರೆ ಏನೂ ತಿಳಿಯಲ್ಲ. ‘4 ಕೋಣೆ, ವರ್ಷದಲ್ಲಿ 9 ತಿಂಗಳು ತೆರೆದಿರುತ್ತದೆ, ಅಡುಗೆ ನಮ್ಮದೇ, ಬುಕಿಂಗ್ ಲೆಕ್ಕ ನಾನೇ ನೋಡುತ್ತೇನೆ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆ’ ಅಂದರೆ ತಿಳಿಯುತ್ತದೆ. ನೋಂದಣಿ ಇದ್ದರೆ ಮಾತ್ರ ಆ ಕೊನೆಯ ಮಾತು.

ಸೇನೆಯಿಂದ ಬಂದವರಿಗೆ ಸ್ವಲ್ಪ ಜಾಸ್ತಿ ಹೇಳಬೇಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಜಿಲ್ಲೆ ಇದು, ಇಲ್ಲಿ ರ‍್ಯಾಂಕ್ ಹೇಳಿದರೆ ಎದ್ದು ಕುರ್ಚಿ ಕೊಡುತ್ತಾರೆ. ಬೆಂಗಳೂರಿನ ಎಚ್‌ಆರ್‌ಗೆ ಹವಾಲ್ದಾರ್ ಮೇಲೋ ಸುಬೇದಾರ್ ಮೇಲೋ ಗೊತ್ತಿಲ್ಲದಿರಬಹುದು. ರ‍್ಯಾಂಕ್ ಇರಲಿ, ಪಕ್ಕದಲ್ಲೇ ಕೆಲಸವನ್ನು ಸಿವಿಲ್ ಮಾತಿನಲ್ಲಿ ಬಿಡಿಸಿ ಹೇಳಿ: ಎಷ್ಟು ಜನರ ಜವಾಬ್ದಾರಿ, ಎಷ್ಟು ವಾಹನ, ಸ್ಟೋರ್ ಲೆಕ್ಕವೋ ತರಬೇತಿಯೋ. ‘35 ವಾಹನಗಳ ರಿಪೇರಿ ವೇಳಾಪಟ್ಟಿ ಮತ್ತು ಬಿಡಿಭಾಗಗಳ ದಾಸ್ತಾನು ನೋಡಿಕೊಂಡೆ’ ಅಂದರೆ ಯಾವ ಸಾರಿಗೆ ಕಂಪನಿಗಾದರೂ ಅರ್ಥವಾಗುತ್ತದೆ. ಯೂನಿಟ್ ಎಲ್ಲಿತ್ತು, ಯಾವ ಉಪಕರಣ ಬಳಸಿದಿರಿ ಅನ್ನುವುದನ್ನು ಬರೆಯಬೇಡಿ. ಕೆಲಸ ಕೊಡುತ್ತೇನೆ ಅಂತ ಬಂದವರು ಅದನ್ನೇ ಕೆದಕಿ ಕೇಳಿದರೆ ಮಾತು ನಿಲ್ಲಿಸಿ ಬ್ಲಾಕ್ ಮಾಡಿ.

5. ಹೇಳಿದ್ದಕ್ಕೆ ಕಾಗದ ಇದೆಯಾ?

ನಮ್ಮವರು ಗೊತ್ತಿಲ್ಲದೇ ಬೀಳುವ ಹಳ್ಳಗಳು ಇಲ್ಲಿವೆ. ಯಾರೂ ಮೋಸ ಮಾಡಬೇಕು ಅಂತ ಬರೆಯುವುದಿಲ್ಲ, ಮಾತಿನ ಭರದಲ್ಲಿ ಬಂದುಬಿಡುತ್ತದೆ.

ಜಿಐ: ಭೌಗೋಳಿಕ ಗುರುತು, ಅಂದರೆ ಒಂದು ಪ್ರದೇಶದ ವಿಶೇಷ ಬೆಳೆಗೋ ವಸ್ತುವಿಗೋ ಕಾನೂನು ಕೊಡುವ ರಕ್ಷಣೆ. ‘ಕೂರ್ಗ್ ಅರೇಬಿಕಾ’ ಕಾಫಿಗೆ 2019ರಲ್ಲಿ ಸಿಕ್ಕಿದೆ. ತೋಟ ಕೊಡಗಿನಲ್ಲಿದೆ ಅಂದ ಮಾತ್ರಕ್ಕೆ ಆ ಗುರುತು ನಿಮ್ಮದಾಗಲ್ಲ, ಅಧಿಕೃತ ಬಳಕೆದಾರ ಅಂತ ನೋಂದಾಯಿಸಿಕೊಂಡಿರಬೇಕು. ಇನ್ನು ರೋಬಸ್ಟಾ ಬೆಳೆದು ‘ಜಿಐ ಪಡೆದ ಕೂರ್ಗ್ ಕಾಫಿ’ ಅಂತ ಬರೆದರೆ ತಪ್ಪು ಎರಡಾಯಿತು. ಆ ಗುರುತು ಇರುವುದು ಅರೇಬಿಕಾಕ್ಕೆ, ರೋಬಸ್ಟಾ ಬೇರೆ ಜಾತಿಯ ಕಾಫಿ.

ಸಾವಯವ: ಎರಡು ವರ್ಷ ರಸಗೊಬ್ಬರ ಹಾಕಿಲ್ಲ ಅಂದರೆ ‘ಎರಡು ವರ್ಷದಿಂದ ರಸಗೊಬ್ಬರ ಹಾಕಿಲ್ಲ’ ಅಂತಲೇ ಬರೆಯಿರಿ. ಪ್ರಮಾಣಪತ್ರ ಬರುವವರೆಗೆ ಸಾವಯವ ಅನ್ನುವ ಪದ ಮುಟ್ಟಬೇಡಿ. ನನ್ನ ಕೇಳಿದರೆ ಆ ಉದ್ದ ವಾಕ್ಯವೇ ಜಾಸ್ತಿ ನಂಬಿಕೆ ತರುತ್ತದೆ.

ಕ್ಯೂ ಗ್ರೇಡರ್: ಕಾಫಿ ರುಚಿ ನೋಡಿ ಅಂಕ ಕೊಡುವವರ ಅರ್ಹತೆ. ಇದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಅವಧಿ ಮುಗಿದಿದ್ದರೆ ವರ್ಷ ಹಾಕಿ ‘ಹಿಂದೆ ಪಡೆದದ್ದು’ ಅನ್ನಿ. ಒಂದು ದಿನದ ಟೇಸ್ಟಿಂಗ್ ಕಾರ್ಯಾಗಾರಕ್ಕೆ ಹೋಗಿ ಬಂದವರು ‘ಕಪ್ಪರ್’, ಅಂದರೆ ಕಾಫಿ ರುಚಿ ನೋಡುವವರು, ಅಂತ ಹಾಕಿಕೊಳ್ಳುವುದೂ ಇದೆ. ಬೇಡ.

ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದಲ್ಲಿ ಎರಡು ದಿನ ತರಬೇತಿ ಪಡೆದಿದ್ದರೆ ‘ತರಬೇತಿ’ ಅಂತ ಬರೆಯಿರಿ, ‘ಸಂಶೋಧನೆ’ ಅಂತ ಅಲ್ಲ. ಇದು ವಿದ್ಯಾರ್ಥಿಗಳಿಗೆ.

6. ಬೇರೆಯವರ ಬಾಯಲ್ಲಿ

ಎಂಡೋರ್ಸ್‌ಮೆಂಟ್, ರೆಕಮೆಂಡೇಶನ್ ಅಂತ ಎರಡಿವೆ. ಮೊದಲನೆಯದು ನಿಮ್ಮ ಕೌಶಲದ ಮೇಲೆ ಯಾರಾದರೂ ಒತ್ತುವ ಗುಂಡಿ. ಚಿಕ್ಕಮ್ಮನ ಮಗನೂ ಒತ್ತುತ್ತಾನೆ, ಬೆಲೆ ಅಷ್ಟಕ್ಕಷ್ಟೇ. ರೆಕಮೆಂಡೇಶನ್ ಅಂದರೆ ಒಬ್ಬರು ತಮ್ಮ ಹೆಸರು ಹಾಕಿ ನಿಮ್ಮ ಬಗ್ಗೆ ಬರೆದ ಮಾತು. ಅದು ಎರಡಿದ್ದರೂ ಸಾಕು.

ಕೇಳುವ ರೀತಿ ಮುಖ್ಯ. ‘ಸರ್, ನನ್ನ ಬಗ್ಗೆ ಒಂದೆರಡು ಒಳ್ಳೆ ಮಾತು ಬರೆಯಿರಿ’ ಅಂದರೆ ‘ಶ್ರಮಜೀವಿ, ಪ್ರಾಮಾಣಿಕ’ ಅಂತ ಬರುತ್ತದೆ, ಯಾರಿಗೆ ಬೇಕಾದರೂ ಅಂಟಿಸಬಹುದು. ‘ಸರ್, ಹೋದ ವರ್ಷ ಕೊಯ್ಲಿನ ಹೊತ್ತಿಗೆ ಜನ ಸಿಗದೆ ಇದ್ದಾಗ ನಾವು ಪಾಳಿ ಬದಲಿಸಿದ್ದೆವಲ್ಲ, ಅದರ ಬಗ್ಗೆ ನಾಲ್ಕು ಸಾಲು ಬರೆಯಲು ಆಗುತ್ತಾ?’ ಅಂತ ಕೇಳಿ. ನೀವೇ ಬರೆದು ಅವರ ಹೆಸರಲ್ಲಿ ಹಾಕಿಸಬೇಡಿ. ಇಬ್ಬರು ಬೇರೆ ಬೇರೆ ಜನ ಒಂದೇ ಧಾಟಿಯಲ್ಲಿ ಬರೆದದ್ದು ಎದ್ದು ಕಾಣುತ್ತದೆ.

ಗುರುತಿನ ಪರಿಶೀಲನೆಯನ್ನೂ ಮಾಡಿಸಿಕೊಳ್ಳಿ. ನಮ್ಮ ದೇಶದಲ್ಲಿ ಡಿಜಿಲಾಕರ್‌ನಲ್ಲಿರುವ ಆಧಾರ್ ಮೂಲಕ ಉಚಿತವಾಗಿ ಆಗುತ್ತದೆ, ಹೆಸರಿನ ಪಕ್ಕ ಸಣ್ಣ ಗುರುತು ಬರುತ್ತದೆ. ನೀವು ನೀವೇ ಅಂತ ಮಾತ್ರ ಅದು ಹೇಳುತ್ತದೆ, ನಿಮಗೆ ಕೆಲಸ ಬರುತ್ತೆ ಅಂತ ಹೇಳಲ್ಲ. ಯಾರಾದರೂ ದುಡ್ಡು ತಗೊಂಡು ಮಾಡಿಸಿಕೊಡ್ತೀನಿ ಅಂದರೆ ಓಟಿಪಿ ಕೊಡಬೇಡಿ.

7. ಪೋಸ್ಟ್ ಬರೆಯುವುದು

ಎಲ್ಲರೂ ಇಲ್ಲಿಂದಲೇ ಶುರು ಮಾಡಬೇಕು ಅಂದುಕೊಳ್ಳುತ್ತಾರೆ. ಮನೆ ಕಟ್ಟುವ ಮೊದಲೇ ನೆಂಟರನ್ನು ಕರೆದ ಹಾಗೆ.

ಒಂದು ಪೋಸ್ಟ್‌ಗೆ 3000 ಅಕ್ಷರ ಮಿತಿ. 800ರಲ್ಲಿ ಮುಗಿಸಿ. ಸೂರ್ಯೋದಯದ ಫೋಟೋ ಹಾಕಿ ‘ಕಾಫಿ ಗಿಡ ನನಗೆ ತಾಳ್ಮೆ ಕಲಿಸಿತು’ ಅಂತ ಬರೆದರೆ ಲೈಕ್ ಬರುತ್ತದೆ, ಕೆಲಸ ಬರಲ್ಲ. ಬದಲಿಗೆ ಹೀಗೆ ಬರೆದು ನೋಡಿ, ಇದು ಮಾದರಿಗೆ ಬರೆದದ್ದು:

‘ಈ ಸಲ ನಮ್ಮ ಕಣದಲ್ಲಿ ರೋಬಸ್ಟಾ ಚೆರ್ರಿ ಒಣಗಲು 12 ದಿನದ ಬದಲು 18 ದಿನ ಹಿಡಿಯಿತು. ಜನವರಿಯಲ್ಲಿ ಮೋಡ, ಮೇಲೆ ಎರಡು ಮಳೆ. ಟಾರ್ಪಾಲ್ ಮುಚ್ಚಿದ್ದು ಸರಿ, ಬೆಳಿಗ್ಗೆ ತೆಗೆಯಲು ತಡ ಮಾಡಿದೆವು. ಒಳಗೆ ಬೆವೆತು ಒಂದು ಮೂಲೆಯ ರಾಶಿಗೆ ಬೂಷ್ಟಿನ ವಾಸನೆ ಬಂತು. ಆ 6 ಮೂಟೆ ಬೇರೆ ಇಟ್ಟು, ವಿಷಯ ಹೇಳಿಯೇ ಕಮ್ಮಿ ರೇಟಿಗೆ ಕೊಟ್ಟೆವು. ಮುಂದಿನ ವರ್ಷ ಟಾರ್ಪಾಲ್ ಕೆಳಗೆ ಗಾಳಿ ಆಡಲು ಬಿದಿರಿನ ಕಮಾನು ಕಟ್ಟಬೇಕು ಅಂತಿದ್ದೇವೆ. ಕಟ್ಟಿ ನೋಡಿದವರು ಇದ್ದರೆ ಹೇಳಿ.’

ಇದರಲ್ಲಿ ಅಂಕಿ ಇದೆ, ತಪ್ಪು ಇದೆ, ತಪ್ಪನ್ನು ಮುಚ್ಚಿಡದೆ ಮಾರಿದ್ದೂ ಇದೆ. ಓದಿದ ಖರೀದಿದಾರನಿಗೆ ‘ಇವರು ಹಾಳಾದ ಮೂಟೆಯನ್ನು ಒಳ್ಳೆಯದರ ಜೊತೆ ಬೆರೆಸಲ್ಲ’ ಅನ್ನುವುದು ನೀವು ಹೇಳದೆಯೇ ಗೊತ್ತಾಯಿತು. ಕೊನೆಯ ಪ್ರಶ್ನೆಗೆ ಊರಿನವರೇ ಉತ್ತರ ಕೊಡುತ್ತಾರೆ, ಹೊರಗಿನವರು ಅದನ್ನು ನೋಡುತ್ತಾರೆ.

ಭಾಷೆ ಯಾವುದು? ಬೆಳೆಗಾರರ ಜೊತೆ ಮಾತಾಡುವ ಪೋಸ್ಟ್ ಕನ್ನಡದಲ್ಲಿ ಚೆನ್ನ. ಖರೀದಿದಾರರಿಗೆ, ಕಂಪನಿಗಳಿಗೆ ಇಂಗ್ಲಿಷ್, ಮುರುಕಾದರೂ ಪರವಾಗಿಲ್ಲ. ಚಾಟ್‌ಜಿಪಿಟಿಗೆ ಕಾಗುಣಿತ ತಿದ್ದಲು ಕೊಡಿ, ಅನುಭವ ಬರೆಯಲು ಕೊಡಬೇಡಿ. ಅದಕ್ಕೆ ನಿಮ್ಮ ಕಣ ಗೊತ್ತಿಲ್ಲ, ಎಲ್ಲರಿಗೂ ಬರೆದುಕೊಟ್ಟದ್ದನ್ನೇ ನಿಮಗೂ ಕೊಡುತ್ತದೆ.

ವಾರಕ್ಕೊಂದು ಸಾಕು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಕಡೆ ಇರುವವರು ಮೇ ತಿಂಗಳಲ್ಲೇ ಕೆಲವು ಬರೆದು ಶೆಡ್ಯೂಲ್ ಮಾಡಿಡಿ, ಅಂದರೆ ಇಂಥ ದಿನ ತಾನಾಗಿ ಪ್ರಕಟವಾಗಲಿ ಅಂತ ಸಮಯ ಹಾಕಿಡಿ. ಮೂರು ತಿಂಗಳು ಮುಂಚೆಯೇ ಹಾಕಿಡಬಹುದು. ಆದರೆ ಇದೊಂದು ಎಚ್ಚರ: ರೆಡ್ ಅಲರ್ಟ್ ಬಂದ ದಿನ ಮೊದಲು ಆ ಪಟ್ಟಿ ತೆರೆದು ನೋಡಿ. 2018ರ ಆಗಸ್ಟ್ ನಮಗ್ಯಾರಿಗೂ ಮರೆತಿಲ್ಲ. ಗುಡ್ಡ ಕುಸಿದು ಜನ ಪರಿಹಾರ ಕೇಂದ್ರದಲ್ಲಿರುವಾಗ ನಿಮ್ಮ ಹೆಸರಲ್ಲಿ ‘ಮಳೆಯ ಕೊಡಗು ಸ್ವರ್ಗ, ಬನ್ನಿ’ ಅಂತ ಪೋಸ್ಟ್ ಬಿದ್ದರೆ, ಅದನ್ನು ಮೊದಲು ನೋಡುವುದು ಊರಿನವರೇ.

ಫೋಟೋ ವಿಷಯ. ಕೊಯ್ಲಿನ ಫೋಟೋದಲ್ಲಿ ಇರುವವರನ್ನು ಕೇಳಿ ಹಾಕಿ. ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ, ಮಕ್ಕಳು ಫ್ರೇಮಿನಲ್ಲಿ ಬಂದಿದ್ದರೆ ಆ ಫೋಟೋ ಬಿಟ್ಟುಬಿಡಿ. ಆಡಲು ಬಂದ ಮಗು ಹಣ್ಣಿನ ಬುಟ್ಟಿ ಪಕ್ಕ ನಿಂತಿದ್ದರೆ ಹೊರಗಿನವರು ಏನಂತ ಓದುತ್ತಾರೆ ಅಂತ ಯೋಚಿಸಿ.

8. ಬಳಗ ಬೆಳೆಸುವುದು

ಕಂಡ ಕಂಡವರಿಗೆಲ್ಲ ಕನೆಕ್ಟ್ ಕಳಿಸಬೇಡಿ. ಉಚಿತ ಖಾತೆಯಲ್ಲಿ ರಿಕ್ವೆಸ್ಟ್ ಜೊತೆ ನಾಲ್ಕು ಮಾತು ಬರೆಯಲು ತಿಂಗಳಿಗೆ ಬೆರಳೆಣಿಕೆಯಷ್ಟೇ ಅವಕಾಶ. ಅದನ್ನು 1ನೇ ಹಂತದಲ್ಲಿ ಬರೆದ ‘ಇಂಥವರು’ ಯಾರೋ ಅವರಿಗೆ ಉಳಿಸಿಕೊಳ್ಳಿ. ‘ನಿಮ್ಮ ಇಂಥ ಪೋಸ್ಟ್ ಓದಿದೆ, ನಾನು ನಾಪೋಕ್ಲು ಕಡೆಯ ಬೆಳೆಗಾರ, ನಮ್ಮಲ್ಲೂ ಇದೇ ತೊಂದರೆ’ ಅಷ್ಟು ಸಾಕು. ಒಪ್ಪಿದ ಮರುಕ್ಷಣವೇ ರೇಟ್ ಲಿಸ್ಟ್ ಕಳಿಸುವವರನ್ನು ಜನ ಮ್ಯೂಟ್ ಮಾಡುತ್ತಾರೆ.

ಕಾಮೆಂಟ್‌ಗೆ ಪೋಸ್ಟ್‌ನಷ್ಟೇ ಬೆಲೆ ಇದೆ. ‘ಸೂಪರ್ ಸರ್’ ಅನ್ನುವುದಕ್ಕಿಂತ ನಿಮ್ಮ ತೋಟದ ಒಂದು ಅಂಕಿ ಸೇರಿಸಿ. ಪಾಡ್ ಅನ್ನುವ ಗುಂಪುಗಳಿವೆ, ಪರಸ್ಪರ ಲೈಕ್ ಒತ್ತುವ ವಾಟ್ಸ್ಆ್ಯಪ್ ಒಪ್ಪಂದ. ಅದಕ್ಕೆ ಸೇರಬೇಡಿ. ಕಾಫಿ ಪೋಸ್ಟ್ ಕೆಳಗೆ ಹದಿನೈದು ಜನ ಸಾಲಾಗಿ ‘ಅದ್ಭುತ ಒಳನೋಟ’ ಅಂತ ಬರೆದಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ?

ನೋಂದಣಿ ಶುಲ್ಕ, ಟ್ರೇನಿಂಗ್ ಡೆಪಾಸಿಟ್ ಕೇಳುವ ‘ರಿಕ್ರೂಟರ್’ಗಳಿಗೆ ಉತ್ತರ ಬೇಡ.

9. ಬೇರೆಯವರ ಫೋನಿನಲ್ಲಿ ನೋಡಿ

ಎಲ್ಲ ಆದ ಮೇಲೆ ನಿಮ್ಮ ಬಳಗದಲ್ಲಿ ಇಲ್ಲದ ಯಾರಾದರೂ ಒಬ್ಬರ ಫೋನ್ ಕೇಳಿ, ನಿಮ್ಮ ಹೆಸರು ಹುಡುಕಿ. ಇನಿಷಿಯಲ್ ಇಟ್ಟು, ಬಿಟ್ಟು, ಎರಡೂ ರೀತಿ. ಹಳೇ ಕಂಪನಿ, ಹಳೇ ಫೋಟೋ ಇರುವ ಎರಡನೇ ಖಾತೆ ಎಲ್ಲಾದರೂ ಉಳಿದಿದ್ದರೆ ಮುಚ್ಚಿ. ಆಮೇಲೆ ತಿಂಗಳಿಗೊಮ್ಮೆ, ನಿಮ್ಮ ಪ್ರೊಫೈಲ್ ನೋಡಿದವರು ಯಾರು ಅನ್ನುವ ಪಟ್ಟಿ ತೆರೆಯಿರಿ. ಉಚಿತ ಖಾತೆಗೆ ಪೂರ್ತಿ ಕಾಣಲ್ಲ, ಕಂಡಷ್ಟು ಸಾಕು. ಮೂರು ತಿಂಗಳಾದರೂ ಅದರಲ್ಲಿ ಬರೀ ನೆಂಟರೇ ಇದ್ದರೆ 2ನೇ ಹಂತಕ್ಕೆ ವಾಪಸ್ ಹೋಗಿ ಹೆಡ್‌ಲೈನ್ ತಿದ್ದಿ.